ಐಕ್ಳಿಗ ಕಂಪ್ಯೂಟರ್ ಕೊಡ್ಸುವಾಗ ಮೊದಲು ಎಸ್‌ಎಂಪಿಎಸ್ ಕೇಳಿ

ಅಕ್ಕತಂಗೀರಾ, ಈಗ ನಮ್ಮ ನಂಜನಗೂಡು, ತಿ. ನರಸೀಪುರದ ಕಡೆ ಪಿಯುಸಿ ಮುಗ್ಸಿ ಇಂಜಿನಿಯರಿಂಗೋ ಬಿಸಿಎನೋ ಸೇರಿರೋ ಐಕ್ಳಿರೋ ಹಟ್ಟೀಲೆಲ್ಲ ಒಂದೇ ಮಾತು. "ಅವ್ವಾ, ರೆಡಿಮೇಡ್ ಬ್ಯಾಡ, ಪಾರ್ಟು ತಂದು ನಾನೇ ಜೋಡುಸ್ಕತೀನಿ" ಅಂತವ. ಜೋಡಿಸ್ಲಿ, ಒಳ್ಳೇದೇ. ಒಂದು ಪಾರ್ಟು ಕೆಟ್ರ ಅದೊಂದನ್ನೇ ಬದಲಾಯಿಸಬೋದು, ಮುಂದ ದುಡ್ಡಾದಾಗ ಇನ್ನೊಂದು ಸೇರಿಸಬೋದು. ಆದ್ರ ದುಡ್ಡು ಹೊಂದಿಸೋರು ನಾವು. ಚೀಟಿ ಎತ್ತಿದ್ದೋ, ಸಂಘದಲ್ಲಿ ಸಾಲ ತಕ್ಕಂಡಿದ್ದೋ, ಡೈರಿಗ ಹಾಲು ಹಾಕಿ ಕೂಡಿಟ್ಟಿದ್ದೋ ಆಗಿರ್ತದ. ಅದಕ್ಕ ನನ್ನ ಅಭಿಪ್ರಾಯ ಹೇಳ್ಬುಡ್ತೀನಿ. ಐಕ್ಳು ಬರ್ಕಂಡು ಬರೋ ಪಟ್ಟೀಲಿ ಎಲ್ಲಾದಕ್ಕಿಂತ ಕೊನೇಲಿ ಎಸ್‌ಎಂಪಿಎಸ್ ಅಂತ ಇರ್ತದಲ್ಲ, ಅದನ್ನ ನಾವು ಮೊದಲು ಕೇಳಬೇಕು. ದುಡ್ಡು ಉಳಿಸೋ ಜಾಗ ಅದಲ್ಲ.

ಕಂಪ್ಯೂಟರ್ ಡಬ್ಬದ ಹಿಂದಗಡೆ ಕರೆಂಟ್ ವೈರು ಸಿಗಿಸ್ತೀವಲ್ಲ, ಆ ತಗಡಿನ ಪೆಟ್ಟಿಗೆನೇ ಎಸ್‌ಎಂಪಿಎಸ್. ಗೋಡೆ ಪ್ಲಗ್ಗಿಂದ ಬರೋದು 230 ವೋಲ್ಟಿನ ಎಸಿ ಕರೆಂಟು. ಒಳಗಿರೋ ಪಾರ್ಟುಗಳಿಗ ಬೇಕಾಗಿರೋದು 12, 5, 3.3 ವೋಲ್ಟಿನ ಡಿಸಿ. ಕಬಿನಿ ನಾಲೆ ನೀರು ಸೀದಾ ಗದ್ದೆಗ ನುಗ್ಗಿದ್ರ ಪೈರು ಕೊಚ್ಕಂಡು ಹೋಯ್ತದ, ತೂಬಲ್ಲಿ ಅಳತೆ ಮಾಡಿ ಬುಡಬೇಕು. ಈ ಪೆಟ್ಟಿಗೆ ಕಂಪ್ಯೂಟರಿನ ತೂಬು ಅಂದ್ಕಳಿ. ಬೇರೆ ಪಾರ್ಟು ಕೆಟ್ರ ಸಾಮಾನ್ಯವಾಗಿ ಅದೊಂದೇ ಕೆಡ್ತದ. ತೂಬು ಒಡೆದ್ರ ಮುಂದಿರೋ ಗದ್ದೆಗೂ ಅಪಾಯ.

ನರಸೀಪುರದ ನಮ್ಮ ನಾದಿನಿ ಮಗ ಕ್ಯಾಬಿನೆಟ್ ಜೊತೇಲೇ ಸೇರಿಸಿ ಕೊಟ್ಟಿದ್ದ ಎಸ್‌ಎಂಪಿಎಸ್ಸಲ್ಲೇ ಎರಡು ವರ್ಷ ಓಡಿಸ್ದ. ಒಂದಿನ ಸಂಜೆ ಕರೆಂಟು ಹೋಗಿ ಬಂತು, ಪಟ್ ಅಂತು, ಸುಟ್ಟ ವಾಸ್ನೆ ಬಂತು. ಮದರ್‌ಬೋರ್ಡು ಹೋಯ್ತು, ಹಾರ್ಡ್ ಡಿಸ್ಕೂ ಹೋಯ್ತು. ಅದರಲ್ಲಿ ಅವನ ಕೊನೇ ವರ್ಷದ ಪ್ರಾಜೆಕ್ಟಿತ್ತು, ತೀರಿಹೋದ ಅವನಜ್ಜಿ ಫೋಟೋ ಎಲ್ಲ ಇತ್ತು. "ಬೋರ್ಡು ಇನ್ನೊಂದು ತರ್ತೀನಿ ಅತ್ಗೆ, ಅವ್ವನ ಫೋಟೋ ಎಲ್ಲಿಂದ ತರ್ಲಿ?" ಅಂದ್ಲು ನಾದಿನಿ. ಎಸ್‌ಎಂಪಿಎಸ್ಸಲ್ಲಿ ಉಳಿದಿದ್ದು ಒಂದೆರಡು ಸಾವಿರ ಇರಬೋದು ಕಣ್ರವ್ವ.

ಹಂಗಾದ್ರ ಒಳ್ಳೇದು ಯಾವ್ದು ಅಂತ ನಮ್ಮಂತೋರಿಗ ಹೆಂಗ ಗೊತ್ತಾಗಬೇಕು? ಗುಣಾಕಾರ ಬಂದ್ರ ಸಾಕು. ಪೆಟ್ಟಿಗೆ ಮ್ಯಾಲ ಒಂದು ಚೀಟಿ ಅಂಟಿಸಿರ್ತಾರ. ದಪ್ಪಕ್ಷರದಲ್ಲಿ 450 ವ್ಯಾಟ್ ಅಂತಿರೋದನ್ನ ಬುಟ್ಟು, ಕೆಳಗ 12 ವೋಲ್ಟಿನ ಕೆಳಗ ಎಷ್ಟು ಆಂಪಿಯರ್ ಅಂತ ಬರ್ದವ್ರೆ ನೋಡಿ. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಹೆಚ್ಚಾಗಿ ಕರೆಂಟು ಎಳ್ಯೋದು ಅಲ್ಲಿಂದಲೇ. 36 ಆಂಪಿಯರ್ ಇದ್ರ, 12ರಿಂದ ಗುಣಿಸಿದ್ರ 432 ವ್ಯಾಟ್ ಬರ್ತದ. ಅದು ನಿಜವಾದ 450. ಅದೇ ಜಾಗದಲ್ಲಿ 14 ಆಂಪಿಯರ್ ಇದ್ರ 168 ವ್ಯಾಟ್ ಅಷ್ಟೆ. ಒಂದೆತ್ತಿನ ಗಾಡಿಗ ಎರಡೆತ್ತಿನ ಕಬ್ಬು ಹೇರ್ತೀನಿ ಅಂತ ಬೋರ್ಡು ಹಾಕ್ಕಂಡಂಗ ಅದು. ಕುಕ್ಕರಿಗ ಐಎಸ್‌ಐ ನೋಡೋ ಹಂಗ ಇದರಲ್ಲೂ ಬಿಐಎಸ್ ಗುರುತು ಇದ್ದದಾ ನೋಡಿ. ಅದರ ಜೊತೆ ಆರ್ ಅಕ್ಷರದಿಂದ ಶುರುವಾಗೋ ನಂಬರನ್ನ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ಪರೀಕ್ಷೆ ಮಾಡಬೋದು.

ಇನ್ನು ಎಷ್ಟು ವ್ಯಾಟಿಂದು ಬೇಕು ಅನ್ನೋದು. ಬರೀ ಓದು, ಟೈಪಿಂಗು, ಆನ್‌ಲೈನ್ ಕ್ಲಾಸು, ಕೋಡಿಂಗ್ ಮಾಡೋ ಕೂಸಿಗ ಬೇರೆ ಗ್ರಾಫಿಕ್ಸ್ ಕಾರ್ಡು ಬ್ಯಾಡ. ಅಂತಾ ಕಂಪ್ಯೂಟರು 65 ವ್ಯಾಟಿನ ಪ್ರೊಸೆಸರ್ ಇಟ್ಕಂಡು 200 ವ್ಯಾಟಿನ ಒಳಗೇ ಕೆಲ್ಸ ಮಾಡ್ತದ. ಒಳ್ಳೇ 450 ವ್ಯಾಟಿಂದು ಧಾರಾಳ. ವಿಡಿಯೋ ಎಡಿಟಿಂಗು, ಗೇಮು, ಡಿಸೈನು ಅಂದ್ರ ಕಾರ್ಡು ಬೇಕು. ಆರ್‌ಟಿಎಕ್ಸ್ 4060 ಅನ್ನೋ ಕಾರ್ಡು ತಾನು ಎಳ್ಯೋದು 115 ವ್ಯಾಟ್, ಅದನ್ನ ಮಾಡಿದ ಎನ್ವಿಡಿಯಾನೇ 550 ವ್ಯಾಟಿನ ಎಸ್‌ಎಂಪಿಎಸ್ ಹಾಕಿ ಅಂತದ. ಯಾವ ಕಾರ್ಡಾದ್ರೂ ಹಿಂಗೆ ಕಂಪನಿ ಹೇಳಿರೋ ಲೆಕ್ಕವ ಐಕ್ಳ ಕೈಲಿ ತೋರಿಸ್ಕಳಿ.

ನಮ್ಮ ಪಕ್ಕದ ಮನೆಯೋರು ಒಂದು ಮಾತು ಕೇಳಿದ್ರು. "650 ಹಾಕಿದ್ರ ಬಿಲ್ಲೂ 650ರದ್ದೇ ಬರಲ್ವಾ?" ಬರಲ್ಲ ಕಣಕ್ಕ. ಒಳಗಿನ ಪಾರ್ಟು ಎಷ್ಟು ಕೇಳ್ತವೋ ಅಷ್ಟೇ ಎಳೀತದ, ಜೊತೆಗ ಒಂದಿಷ್ಟು ಶಾಖವಾಗಿ ಹೋಯ್ತದ. ಆ ಪೋಲು ಎಷ್ಟು ಅನ್ನೋದಕ್ಕ 80 ಪ್ಲಸ್ ಅನ್ನೋ ಗುರುತದ. ಇದು 2004ರಲ್ಲಿ ಶುರುವಾದದ್ದು. ಕಂಚು, ಬೆಳ್ಳಿ, ಚಿನ್ನ ಅಂತ ಮ್ಯಾಲಮ್ಯಾಲಕ್ಕ ದರ್ಜೆ ಅವ. ಲೆಕ್ಕ ನೋಡಿ. ಪಾರ್ಟಿಗ 200 ವ್ಯಾಟ್ ಬೇಕಾದಾಗ ನೂರಕ್ಕ 80ರಂಗ ಕೆಲ್ಸ ಮಾಡೋದು ಗೋಡೆಯಿಂದ 250 ವ್ಯಾಟ್ ಎಳೀತದ. ನೂರಕ್ಕ 90 ಆದ್ರ 222 ಸಾಕು. ದಿನಕ್ಕ 5 ಗಂಟೆ ಓಡಿದ್ರ ತಿಂಗಳಿಗ 4 ಯೂನಿಟ್ ಉಳೀತದ. ಗೃಹಜ್ಯೋತಿಲಿ 200 ಯೂನಿಟ್ ದಾಟಿದ್ರ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಲ್ಲ, ಗಡಿ ಹತ್ರ ಇರೋ ಹಟ್ಟಿಗ 4 ಯೂನಿಟ್ಟೂ ಲೆಕ್ಕವೇ. ಆದ್ರೂ ಓದೋ ಕೂಸಿನ ಕಂಪ್ಯೂಟರು 200 ವ್ಯಾಟ್ ಎಳ್ಯೋದು ಅಪರೂಪ. ಅದಕ್ಕ ಚಿನ್ನದ ದರ್ಜೆ ಬೇಕಾಗಿಲ್ಲ, ಕಂಚಿಂದು ಸಾಕು ಅನ್ನೋದು ನನ್ನ ಲೆಕ್ಕ. ಅಂಗಡಿಯೋರು ಬ್ರಾಂಜ್ ಅಂತಾರ. 1000 ವ್ಯಾಟಿಂದು ಬೇಕು ಅಂತ ಹಟ ಹಿಡಿದ್ರ ಬ್ಯಾಡ ಅಂದ್ಬುಡಿ, ಅದೂ ದಂಡ.

ಎಂತಾ ಪೆಟ್ಟಿಗೆ ತಂದ್ರೂ ಮನೆ ವೈರಿಂಗ್ ನೆಟ್ಟಗಿರಬೇಕು. ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತದ ಅಂತ ಸುಮಾರು ಜನ ಹೇಳ್ತಾರ. ಅರ್ಥಿಂಗ್ ಇಲ್ದಿದ್ರ ಎಸ್‌ಎಂಪಿಎಸ್ಸಿಂದ ಸೋರೋ ಅಲ್ಪಸ್ವಲ್ಪ ಕರೆಂಟು ನೆಲಕ್ಕ ಹೋಗದ ಆ ತಗಡಲ್ಲೇ ನಿಲ್ತದ. ಮೂರನೇ ಪಿನ್ನು ಮುರಿದು ಸಿಗಿಸೋದು ಬುಡಿ. ಎಲೆಕ್ಟ್ರಿಷಿಯನ್ ಕರ್ಸಿ ಅರ್ಥಿಂಗ್ ನೋಡಿಸಿ. ಉಪ್ಪು, ಇದ್ದಿಲು ಹಾಕಿರೋ ಅರ್ಥ್ ಗುಂಡಿಗ ಬೇಸಿಗೇಲಿ ನೀರು ಹುಯ್ತಾ ಇರಿ. ಪಂಪ್‌ಸೆಟ್ಟು ಓಡುವಾಗ ಬಲ್ಬು ಮಂಕಾಗೋ ಹಳ್ಳಿ ನಿಮ್ದಾದ್ರ, ಚೀಟೀಲಿ 200ರಿಂದ 240 ಅಂತಿರೋದಕ್ಕಿಂತ 100ರಿಂದ 240 ವೋಲ್ಟ್ ಅಂತಿರೋದ ತಕ್ಕಳಿ. ಹಳೇ ಸ್ಕ್ವೇರ್ ವೇವ್ ಇನ್ವರ್ಟರು ಕೆಲವು ಹೊಸ ಎಸ್‌ಎಂಪಿಎಸ್ಸಿಗ ಹೊಂದಲ್ಲ, ಸೈನ್ ವೇವಿಂದು ಒಳ್ಳೇದು. ಕೆಟ್ರೂ ಆ ಪೆಟ್ಟಿಗೆಯ ಮನೇಲಿ ಬಿಚ್ಚೋಕ ಬುಡಬ್ಯಾಡಿ. ಪ್ಲಗ್ ಕಿತ್ತ ಮ್ಯಾಲೂ ಒಳಗ ಕರೆಂಟು ಉಳ್ಕಂಡಿರ್ತದ.

ಇದೆಲ್ಲ ಗಂಡಸರ ಕೆಲ್ಸ, ನಮಗ್ಯಾಕ ಅಂತೀರಾ? ಮಿಕ್ಸಿ ಎಷ್ಟು ವ್ಯಾಟಿಂದು, ಗ್ರೈಂಡರಿನ ಜೊತೆ ಗೀಸರ್ ಹಾಕಿದ್ರ ಫ್ಯೂಸ್ ಹೋಯ್ತದ ಅನ್ನೋದು ಹಟ್ಟೀಲಿ ಯಾರಿಗ ಗೊತ್ತು? ನಮಗೇ ತಾನೆ. ಮೈಸೂರಲ್ಲಿ ತಕ್ಕಳಿ, ಬೆಂಗಳೂರಿನ ಎಸ್.ಪಿ. ರಸ್ತೇಲಿ ತಕ್ಕಳಿ, ಕ್ಯಾಬಿನೆಟ್ ಜೊತೆ ಬಂದದ್ದೇ ಸಾಕು ಅನ್ನಬ್ಯಾಡಿ. ಬೇರೆಯಾಗಿ ಕೇಳಿ, ಬಿಲ್ಲಲ್ಲಿ ಅದರ ಹೆಸರು, ವಾರಂಟಿ ಎಷ್ಟು ವರ್ಷ ಅಂತ ಬರೆಸಿ. ದುಡ್ಡು ಸಾಲದಿದ್ರ ಬಣ್ಣಬಣ್ಣದ ಲೈಟಿರೋ ಕ್ಯಾಬಿನೆಟ್ ಬ್ಯಾಡ ಅನ್ನಿ, ರ್ಯಾಮ್ ಈಗ ಕಡಿಮೆ ಹಾಕ್ಸಿ. ಅದ ಮುಂದಿನ ವರ್ಷ ಚೀಟಿ ಬಂದಾಗ ಸೇರಿಸಬೋದು. ಹಾಂ, ಫೋಟೋನೆಲ್ಲ ಇನ್ನೊಂದು ಕಡೆನೂ ಇಡೋಕ ಐಕ್ಳಿಗ ಇವತ್ತೇ ಹೇಳಿ.