ಮಾಜಿ ಮಹಿಳಾ ಯೋಧರಲ್ಲಿ ಆಘಾತೋತ್ತರ ಒತ್ತಡದ ದೈಹಿಕ ಪರಿಣಾಮಗಳು

ಆಘಾತೋತ್ತರ ಒತ್ತಡದ ಅಸ್ವಸ್ಥತೆಯು ಯುದ್ಧ, ಅಪಘಾತ, ಲೈಂಗಿಕ ದೌರ್ಜನ್ಯ ಮುಂತಾದ ತೀವ್ರ ಅನುಭವಗಳ ನಂತರ ಕಾಣಿಸಿಕೊಳ್ಳುವ ಮಾನಸಿಕ ಅಸ್ವಸ್ಥತೆಯಾಗಿದೆ. ಪಿಟಿಎಸ್‌ಡಿ ಎಂಬ ಹ್ರಸ್ವರೂಪದಿಂದಲೂ ಪರಿಚಿತವಾಗಿರುವ ಇದನ್ನು ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ರೋಗಸೂಚಿಗೆ ಸೇರಿಸಿತು. ದುಃಸ್ವಪ್ನ, ನಿದ್ರಾಹೀನತೆ, ಸದಾ ಎಚ್ಚರದ ಸ್ಥಿತಿ ಇದರ ಮುಖ್ಯ ಲಕ್ಷಣಗಳು. ಸೇನೆಯಿಂದ ನಿವೃತ್ತರಾದ ಮಹಿಳೆಯರಲ್ಲಿ ಇದು ಹೃದಯ, ಚಯಾಪಚಯ ಮತ್ತು ಗರ್ಭಧಾರಣೆಯ ಮೇಲೂ ಪರಿಣಾಮ ಬೀರುವುದನ್ನು ಅಧ್ಯಯನಗಳು ಸೂಚಿಸಿವೆ.

ದೇಹದ ಮೇಲಿನ ಪರಿಣಾಮ

ಅಪಾಯದ ಭಾವನೆ ನಿರಂತರವಾಗಿದ್ದಾಗ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಹಾರ್ಮೋನುಗಳ ಸಹಜ ಏರಿಳಿತ ತಪ್ಪುತ್ತದೆ. ರಕ್ತದೊತ್ತಡ ಹೆಚ್ಚುತ್ತದೆ, ದೇಹದಲ್ಲಿ ಉರಿಯೂತವು ದೀರ್ಘಕಾಲ ಉಳಿಯುತ್ತದೆ. ನಿದ್ರಾಭಂಗ, ಧೂಮಪಾನ ಮತ್ತು ವ್ಯಾಯಾಮದ ಕೊರತೆಗಳು ಈ ಹಾನಿಯನ್ನು ಹೆಚ್ಚಿಸುತ್ತವೆ.

2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸುಮಾರು 4 ಲಕ್ಷ ಮಾಜಿ ಮಹಿಳಾ ಯೋಧರ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿತು. ಈ ಅಸ್ವಸ್ಥತೆಯುಳ್ಳವರಲ್ಲಿ ರಕ್ತಪೂರೈಕೆಯ ಕೊರತೆಯಿಂದ ಬರುವ ಹೃದ್ರೋಗದ ಪ್ರಮಾಣ ಇತರರಿಗಿಂತ ಶೇ 44ರಷ್ಟು ಅಧಿಕವಾಗಿತ್ತು. 40 ವರ್ಷದೊಳಗಿನವರಲ್ಲಿ ಈ ಸಂಬಂಧ ಇನ್ನೂ ಪ್ರಬಲವಾಗಿತ್ತು. ಅಲ್ಲಿನ ಮಾಜಿ ಯೋಧರ ಆಸ್ಪತ್ರೆಗಳ ನೆರವಿನಲ್ಲಾದ 16 ಸಾವಿರಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನವು 2014ರಲ್ಲಿ ಪ್ರಕಟವಾಯಿತು. ಹೆರಿಗೆಯ ಹಿಂದಿನ ವರ್ಷದಲ್ಲಿ ಈ ಅಸ್ವಸ್ಥತೆಯಿಂದ ಬಳಲಿದ ಮಹಿಳೆಯರಲ್ಲಿ ತಾನಾಗಿ ಆಗುವ ಅವಧಿಪೂರ್ವ ಹೆರಿಗೆಯ ಸಂಭವ ಸುಮಾರು ಶೇ 35ರಷ್ಟು ಹೆಚ್ಚಿತ್ತು. ಬಹುಕಾಲದ ನೋವು ಮತ್ತು ಕರುಳಿನ ತೊಂದರೆಗಳೂ ಇಂತಹವರಲ್ಲಿ ಅಧಿಕ.

ಆಘಾತದ ಮೂಲ ಯುದ್ಧಭೂಮಿಯೇ ಆಗಿರಬೇಕಿಲ್ಲ. ಸೇವಾವಧಿಯಲ್ಲಿ ಲೈಂಗಿಕ ದೌರ್ಜನ್ಯ ಅಥವಾ ಕಿರುಕುಳ ಅನುಭವಿಸಿದ್ದಾಗಿ ಅಮೆರಿಕದ ಮಾಜಿ ಯೋಧರ ಆರೋಗ್ಯ ಸೇವೆಗೆ ಬರುವ ಮಹಿಳೆಯರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರು ಹೇಳುತ್ತಾರೆ. ಅಲ್ಲಿನ ಸೇವಾ ಪರಿಸ್ಥಿತಿ ಭಿನ್ನವಾಗಿರುವುದರಿಂದ ಈ ಅಂಕಿಗಳನ್ನು ಭಾರತಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೆ ಒತ್ತಡವು ದೇಹವನ್ನು ಬಾಧಿಸುವ ಕ್ರಮ ಎಲ್ಲೆಡೆಯೂ ಒಂದೇ.

ಕರ್ನಾಟಕದ ಸಂದರ್ಭ

ಭಾರತದಲ್ಲಿ ಮಹಿಳೆಯರು ದೀರ್ಘಕಾಲ ಸೇನಾ ಶುಶ್ರೂಷಾ ಮತ್ತು ವೈದ್ಯಕೀಯ ಸೇವೆಗಳಿಗಷ್ಟೇ ಸೀಮಿತರಾಗಿದ್ದರು. 1992ರಿಂದ ಇತರ ವಿಭಾಗಗಳಿಗೆ ಅಧಿಕಾರಿಗಳಾಗಿ ನೇಮಕಗೊಂಡರು. 2020ರ ಫೆಬ್ರುವರಿ 17ರಂದು ಸರ್ವೋಚ್ಚ ನ್ಯಾಯಾಲಯವು ಭೂಸೇನೆಯ ಮಹಿಳಾ ಅಧಿಕಾರಿಗಳ ಕಾಯಂ ಸೇವೆಯ ಹಕ್ಕನ್ನು ಎತ್ತಿಹಿಡಿಯಿತು. ಸಿಪಾಯಿ ದರ್ಜೆಯ ಮೊದಲ ತಂಡದ 83 ಮಹಿಳೆಯರು 2021ರ ಮೇ 8ರಂದು ಬೆಂಗಳೂರಿನ ಸೇನಾ ಪೊಲೀಸ್ ತರಬೇತಿ ಕೇಂದ್ರದಿಂದ ಹೊರಬಂದರು. 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆ ಸೇರಿದಂತೆ ದೇಶದ ಸೈನಿಕ ಶಾಲೆಗಳಲ್ಲಿ ಈಗ ಬಾಲಕಿಯರಿಗೂ ಪ್ರವೇಶವಿದೆ. ಹೀಗಾಗಿ ಮುಂದಿನ ದಶಕಗಳಲ್ಲಿ ರಾಜ್ಯದಲ್ಲಿ ಮಾಜಿ ಮಹಿಳಾ ಯೋಧರ ಸಂಖ್ಯೆ ಹೆಚ್ಚಲಿದೆ.

ಪರಿಹಾರ ವ್ಯವಸ್ಥೆಯ ತೊಡಕು

ಕಾಯಿಲೆಯು ಸೇವೆಯಿಂದ ಉಂಟಾಗಿದ್ದರೆ ಅಥವಾ ಸೇವೆಯಿಂದ ಉಲ್ಬಣಗೊಂಡಿದ್ದರೆ ಮಾತ್ರ ಅಂಗವೈಕಲ್ಯದ ಪಿಂಚಣಿ ದೊರೆಯುತ್ತದೆ. ಸೇರ್ಪಡೆಯ ವೇಳೆ ದಾಖಲಾಗದ ಕಾಯಿಲೆ ನಂತರ ಕಂಡುಬಂದರೆ ಅದನ್ನು ಸಾಮಾನ್ಯವಾಗಿ ಸೇವೆಯ ಫಲವೆಂದೇ ಭಾವಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ಆಘಾತದ ಲಕ್ಷಣಗಳು ಆರು ತಿಂಗಳ ಬಳಿಕವೂ ಪ್ರಕಟವಾಗಬಹುದು. ಹೃದ್ರೋಗ ಬೆಳೆಯಲು ಅನೇಕ ವರ್ಷಗಳೇ ಬೇಕು. ಬಿಡುಗಡೆಯ ದಿನದ ತಪಾಸಣೆಯಲ್ಲಿ ಇವೆರಡೂ ಕಾಣದೆ ಹೋಗಬಹುದು.

2022ರ ಅಗ್ನಿಪಥ ಯೋಜನೆಯಿಂದ ಈ ತೊಡಕು ಇನ್ನಷ್ಟು ಗಂಭೀರವಾಗಿದೆ. ಸೇನಾ ಪೊಲೀಸ್ ವಿಭಾಗಕ್ಕೆ ಮಹಿಳೆಯರನ್ನು ಈಗ ಅಗ್ನಿವೀರರಾಗಿ ಸೇರಿಸಿಕೊಳ್ಳಲಾಗುತ್ತಿದೆ. ನಾಲ್ಕು ವರ್ಷಗಳ ನಂತರ ಗರಿಷ್ಠ ಶೇ 25ರಷ್ಟು ಮಂದಿಗೆ ಮಾತ್ರ ಮುಂದುವರಿಯುವ ಅವಕಾಶವಿದೆ. ಉಳಿದವರಿಗೆ ಪಿಂಚಣಿಯಾಗಲಿ, ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆಯಾಗಲಿ ಇಲ್ಲ. ಅಂಗವೈಕಲ್ಯಕ್ಕೆ ಅದರ ಪ್ರಮಾಣಕ್ಕನುಗುಣವಾಗಿ 15, 25 ಅಥವಾ 44 ಲಕ್ಷ ರೂಪಾಯಿಗಳ ಒಂದು ಬಾರಿಯ ಪರಿಹಾರವಿದೆ. ಇಪ್ಪತ್ತೈದರ ಆಸುಪಾಸಿನಲ್ಲಿ ಮನೆಗೆ ಮರಳುವ ಯುವತಿಗೆ ಮೂವತ್ತೈದರಲ್ಲಿ ಹೃದ್ರೋಗ ಕಾಣಿಸಿಕೊಂಡರೆ, ಅದನ್ನು ಸೇವೆಯೊಂದಿಗೆ ಜೋಡಿಸಿ ನೋಡುವ ವೈದ್ಯಕೀಯ ವ್ಯವಸ್ಥೆ ಆಕೆಯ ಜೊತೆಗಿರುವುದಿಲ್ಲ.

ಚಿಕಿತ್ಸೆ ಮತ್ತು ನಿರೀಕ್ಷೆ

ಈ ಅಸ್ವಸ್ಥತೆಗೆ ಆಘಾತಕೇಂದ್ರಿತ ಆಪ್ತಸಮಾಲೋಚನೆ ಮತ್ತು ಔಷಧಗಳಿಂದ ಚಿಕಿತ್ಸೆ ನೀಡಲಾಗುತ್ತದೆ. ಗಣನೀಯವಾಗಿ ಚೇತರಿಸಿಕೊಂಡ ಮಾಜಿ ಯೋಧರಲ್ಲಿ ಎರಡನೇ ಬಗೆಯ ಮಧುಮೇಹದ ಸಂಭವ ಸುಮಾರು ಅರ್ಧದಷ್ಟು ಕಡಿಮೆಯಿತ್ತೆಂದು 2019ರ ಅಮೆರಿಕದ ಅಧ್ಯಯನವೊಂದು ತಿಳಿಸಿದೆ. ಭಾರತದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿ (14416) 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಸಶಸ್ತ್ರ ಪಡೆಗಳಿಗಾಗಿ ಅದರ ಪ್ರತ್ಯೇಕ ಘಟಕವು 2023ರ ಡಿಸೆಂಬರ್ 1ರಂದು ಪುಣೆಯಲ್ಲಿ ಕಾರ್ಯಾರಂಭ ಮಾಡಿತು. ಇಂತಹ ಸಮಾಲೋಚನೆಯೊಂದಿಗೆ ರಕ್ತದೊತ್ತಡ, ಸಕ್ಕರೆ ಮತ್ತು ಗರ್ಭಾವಸ್ಥೆಯ ತಪಾಸಣೆಗಳು ಜೋಡಣೆಯಾದಲ್ಲಿ ಮಾತ್ರ ಮನಸ್ಸಿನ ಗಾಯವು ದೇಹದ ರೋಗವಾಗುವುದನ್ನು ಮೊದಲೇ ಗುರುತಿಸಲು ಸಾಧ್ಯ. 2023ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಆರಂಭಿಸಿದ ಮಹಿಳಾ ಅಗ್ನಿವೀರರ ನಾಲ್ಕು ವರ್ಷಗಳ ಅವಧಿ 2027ರಲ್ಲಿ ಮುಗಿಯುವುದರಿಂದ, ಬಿಡುಗಡೆಯ ನಂತರದ ಆರೋಗ್ಯದ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಅದಕ್ಕೂ ಮುನ್ನವೇ ಇತ್ಯರ್ಥಪಡಿಸಬೇಕಾಗಿದೆ.