ಪರಿಗ್ರಹಕ್ಕೊಂದು ಪರಿಮಾಣ

ಮಿನಿಮಲಿಸಂ ಎಂಬ ಮಾತು ಈಗ ನಮ್ಮ ನಗರಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಬಿಳಿಯ ಗೋಡೆ, ಕೋಣೆಗೊಂದೇ ಮೇಜು, ಕಸೂತಿಯಿಲ್ಲದ ಸಾದಾ ಉಡುಪು. ಕಡಿಮೆ ಇದ್ದಷ್ಟೂ ಬದುಕು ಹಗುರವೆಂಬುದು ಅದರ ಹಿಂದಿನ ಭಾವನೆ. ಭಾವನೆ ಒಳ್ಳೆಯದೇ. ಆದರೆ ಇದ್ದುದನ್ನೆಲ್ಲ ಹೊರಹಾಕಿ, ಸರಳವಾಗಿ ಕಾಣುವ ಸಾಮಾನುಗಳನ್ನು ದುಬಾರಿ ಬೆಲೆ ತೆತ್ತು ಮನೆಗೆ ತರುವವರನ್ನು ಕಂಡಾಗ, ಇಲ್ಲಿ ಕಡಿಮೆಯಾದದ್ದು ವಸ್ತುವೋ ಆಸೆಯೋ ಎಂಬ ಸಂದೇಹ ಮೂಡುತ್ತದೆ.

ಜಿನಾಗಮ ಈ ಸಂದೇಹವನ್ನು ಬಹು ಹಿಂದೆಯೇ ಎತ್ತಿಕೊಂಡಿದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣ ಹೇಳಲು ಆರಿಸಿಕೊಂಡ ಪದ ‘ಮೂರ್ಛೆ’. ಅಂದರೆ, ‘ಇದು ನನ್ನದು’ ಎಂಬ ಭಾವದಲ್ಲಿ ಎಚ್ಚರ ತಪ್ಪಿರುವ ಸ್ಥಿತಿ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾಗಿ ಹೊರಗಿನ ಪರಿಗ್ರಹ 10 ಬಗೆಯಾದರೆ ಒಳಗಿನದು 14 ಬಗೆ: ಮಿಥ್ಯಾತ್ವ, ಕ್ರೋಧ-ಮಾನ-ಮಾಯೆ-ಲೋಭಗಳೆಂಬ ನಾಲ್ಕು ಕಷಾಯಗಳು, ಹಾಸ್ಯ, ರತಿ ಮುಂತಾದ ಒಂಬತ್ತು ನೋಕಷಾಯಗಳು. ಪಟ್ಟಿಯಲ್ಲಿ ‘ಮಾನ’ ಇರುವುದನ್ನು ಗಮನಿಸಬೇಕು. ಕಪಾಟು ಬರಿದಾದ ಮೇಲೂ ‘ನಾನೆಷ್ಟು ಸರಳ’ ಎಂಬ ಹೆಮ್ಮೆ ಉಳಿದಿದ್ದರೆ, ಶಾಸ್ತ್ರದ ಲೆಕ್ಕದಲ್ಲಿ ಅದೂ ಒಂದು ಸೊತ್ತು.

ದಿಗಂಬರ ಮುನಿಗಳ ಬಳಿ ಇರುವುದು ನವಿಲುಗರಿಯ ಪಿಂಛಿ, ಕಮಂಡಲು, ಶಾಸ್ತ್ರ, ಇಷ್ಟೇ. ದಿನಕ್ಕೊಮ್ಮೆ ನಿಂತು, ಅಂಗೈಯಲ್ಲೇ ಆಹಾರ ಸ್ವೀಕರಿಸುವ ಅವರಿಗೆ ತಟ್ಟೆಯೂ ಬೇಡ. ಶ್ರಾವಕರಾದ ನಮ್ಮಿಂದ ಧರ್ಮ ಅಷ್ಟನ್ನು ಕೇಳುವುದಿಲ್ಲ. ಕೇಳುವುದು ಪರಿಗ್ರಹ ಪರಿಮಾಣ ಅಣುವ್ರತವನ್ನು. ಎಷ್ಟು ಸಾಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದನ್ನು. ಈ ‘ಮೊದಲೇ’ ಎಂಬುದರಲ್ಲಿಯೇ ವ್ರತದ ಜೀವವಿದೆ. ಹಣ ಕೈಗೆ ಬಂದ ಮೇಲೆ, ಅಂಗಡಿಯ ಹೊಸ್ತಿಲು ದಾಟಿದ ಮೇಲೆ ‘ಎಷ್ಟು ಸಾಕು’ ಎಂದು ಕೇಳಿಕೊಂಡರೆ ಉತ್ತರ ಹೇಳುವುದು ನಾವಲ್ಲ, ಲೋಭ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇದನ್ನು ಇನ್ನಷ್ಟು ಬಿಡಿಸುತ್ತದೆ. ಅನ್ನದಂತೆ ಒಮ್ಮೆ ಮಾತ್ರ ಬಳಸಿ ಮುಗಿಯುವುದು ಭೋಗ, ಬಟ್ಟೆ-ಒಡವೆಗಳಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ. ಎರಡಕ್ಕೂ ಮಿತಿ ಬೇಕು. ಜೀವನಪೂರ್ತಿ ಹಿಡಿದ ಮಿತಿ ಯಮ, ಇಂತಿಷ್ಟು ಕಾಲಕ್ಕೆಂದು ಹಿಡಿದದ್ದು ನಿಯಮ. ಒಂದು ದಿನಕ್ಕೆ, ಒಂದು ಪಕ್ಷಕ್ಕೆ, ಒಂದು ಋತುವಿಗೆ ನಿಯಮ ಹಿಡಿಯಬಹುದು. ಇಂದು ತುಪ್ಪ ಬೇಡ, ನಾಳೆ ಉಪ್ಪು ಬೇಡ ಎಂದು ಚಾತುರ್ಮಾಸದಲ್ಲಿ ನಮ್ಮ ಮನೆಗಳ ಹಿರಿಯರು ರಸತ್ಯಾಗ ಮಾಡುವುದು ಈ ದಾರಿಯಲ್ಲಿಯೇ.

ನಮ್ಮ ಅಜ್ಜಿ ಹನ್ನೆರಡು ಸೀರೆಗಳ ನಿಯಮ ಹಿಡಿದಿದ್ದರು. ಮದುವೆ-ಮುಂಜಿಯಲ್ಲಿ ಉಡುಗೊರೆಯಾಗಿ ಹೊಸದೊಂದು ಬಂದರೆ ಒಂದು ಹೊರಹೋಗಬೇಕು, ಹರಿದದ್ದನ್ನು ಕೊಡುವಂತಿಲ್ಲ. ಹಾಗೆ ಒಮ್ಮೆ ತಮಗೆ ಬಲು ಪ್ರಿಯವಾಗಿದ್ದ ಹಸಿರು ಇಳಕಲ್ ಸೀರೆಯನ್ನು ಮನೆಗೆಲಸದಾಕೆಗೆ ಕೊಟ್ಟರು. ಆಕೆ ಅದನ್ನುಟ್ಟು ಬಂದಾಗಲೆಲ್ಲ ಅಜ್ಜಿಯ ಕಣ್ಣು ಸೆರಗಿನ ಮೇಲೆಯೇ. “ಸೀರೆ ಹೋಯಿತು ಮಗಾ, ಅದು ನನ್ನದೆಂಬುದು ಹೋಗಲಿಲ್ಲ” ಎಂದು ಒಂದು ದಿನ ನನ್ನೊಡನೆ ಹೇಳಿಕೊಂಡರು. ಹಾಗೆಂದು ನಿಯಮವನ್ನು ಬಿಡಲಿಲ್ಲ. ನಿಯಮ ಇರದಿದ್ದರೆ ಆ ಮೂರ್ಛೆ ತಮ್ಮೊಳಗಿದೆಯೆಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ.

ಕಲೆಯಲ್ಲಿ ಈ ತತ್ತ್ವವನ್ನು ಕಾಣಬಯಸುವವರು ಹಳೇಬೀಡಿಗೆ ಹೋಗಬೇಕು. ಹೊಯ್ಸಳೇಶ್ವರದ ಗೋಡೆಗಳಲ್ಲಿ ಬೆರಳಿಡುವಷ್ಟೂ ತೆರಪಿಲ್ಲ. ಆನೆಗಳ ಸಾಲು, ಮಕರಗಳು, ಕಲ್ಲಿನಲ್ಲೇ ಕಡೆದ ಒಡವೆಗಳು ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಅದು ದೊಡ್ಡ ಕಲೆಯೇ. ಅಲ್ಲಿಂದ ಅನತಿ ದೂರದ ಬಸ್ತಿಹಳ್ಳಿಯಲ್ಲಿ, ಅದೇ ಕಾಲದಲ್ಲಿ, 1133ರಲ್ಲಿ, ಗಂಗರಾಜನ ಮಗ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಹೊರಗೋಡೆ ಸಾದಾ. ಒಳಹೊಕ್ಕರೆ ನೆರಳು ಕಾಣುವಷ್ಟು ನುಣುಪಾದ ಕಂಬಗಳು. ಗರ್ಭಗುಡಿಯಲ್ಲಿ ಕಾಯೋತ್ಸರ್ಗದಲ್ಲಿ ನಿಂತ ಪಾರ್ಶ್ವನಾಥ ಸ್ವಾಮಿ. ಜೈನರೆಲ್ಲ ಸಾದಾ ಕಟ್ಟಿದರೆಂದಲ್ಲ. ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಂಡವರಾರೂ ಹಾಗೆನ್ನಲಾರರು. ಆದರೆ ಅಲಂಕಾರವೆಲ್ಲ ಕಂಬಕ್ಕೆ, ಮಂಟಪಕ್ಕೆ. ದಿಗಂಬರ ಜಿನಬಿಂಬದ ಮೈಮೇಲೆ ಒಂದು ಎಳೆಯೂ ಇಲ್ಲ.

ಆ ಮುಂದೆ ನಿಲ್ಲುವ ನಾವು ಜರತಾರಿಯಲ್ಲಿ ನಿಲ್ಲುತ್ತೇವೆ. ಅಭಿಷೇಕದ ಮೊದಲ ಕಲಶಕ್ಕಾಗಿ ಸವಾಲು ಕೂಗುತ್ತೇವೆ. ಬಂದ ಹಣ ಸತ್ಕಾರ್ಯಕ್ಕೇ ಸಲ್ಲುತ್ತದೆ, ನಿಜ. ಕೂಗಿದ ದನಿಯಲ್ಲಿ ಭಕ್ತಿ ಎಷ್ಟು, ಮಾನಕಷಾಯ ಎಷ್ಟು ಎಂಬುದನ್ನು ಕೂಗಿದವರೇ ಬಲ್ಲರು.

981ರಲ್ಲಿ ಚಾವುಂಡರಾಯ ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ಮಾಡಿಸಿದ 58 ಅಡಿಯ ಗೊಮ್ಮಟಮೂರ್ತಿಗೆ ಕಿರೀಟವಿಲ್ಲ, ಹಾರವಿಲ್ಲ. ತೋಳು-ತೊಡೆಗಳಿಗೆ ಹಬ್ಬಿದ ಬಳ್ಳಿ, ಕಾಲ ಬಳಿಯ ಹುತ್ತ, ಇವು ಅವನು ಬಯಸಿ ತೊಟ್ಟವಲ್ಲ. ಅವನು ಕದಲದೆ ನಿಂತದ್ದರಿಂದ ತಾವಾಗಿ ಬಂದವು. ಗೆದ್ದ ರಾಜ್ಯವನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ಒಂದು ವರ್ಷ ನಿಂತ ಬಾಹುಬಲಿಗೂ ಕೇವಲಜ್ಞಾನ ಕೂಡಲೇ ಒದಗಲಿಲ್ಲ. ತಾನು ನಿಂತ ನೆಲ ಅಣ್ಣನದು ಎಂಬ ಒಂದು ಕಸಿವಿಸಿ ಒಳಗೆ ಉಳಿದಿತ್ತೆಂದು ಪರಂಪರೆಯಿಂದ ಕೇಳಿಬಂದ ಕಥೆ ಹೇಳುತ್ತದೆ. ಚಕ್ರವರ್ತಿ ಭರತ ಬಂದು ಆ ಪಾದಗಳಿಗೆ ವಂದಿಸಿದ ಮೇಲೆಯೇ ಅದು ಕಳಚಿತು.