ಹಿಂದೆ ಕೂತವಳ ಬೆನ್ನು

ಗಟ್ಟಿಯಾದದ್ದೆಲ್ಲ ಒಳ್ಳೆಯದು ಎಂಬುದೊಂದು ಭ್ರಮೆ ನಮ್ಮ ಗಂಡಸರಲ್ಲಿದೆ. ರೊಟ್ಟಿ ಮಾತ್ರ ಮೆತ್ತಗಿರಬೇಕು, ಉಳಿದದ್ದೆಲ್ಲ ಗಟ್ಟಿ ಇರಬೇಕು. ಈ ಭ್ರಮೆ ಈಗ ಮೋಟಾರ್ ಸೈಕಲ್ಲಿನ ಸ್ಪ್ರಿಂಗಿಗೂ ತಗುಲಿಕೊಂಡಿದೆ. ನಮ್ಮ ಬೈಲಹೊಂಗಲದ ಗ್ಯಾರೇಜುಗಳ ಮುಂದೆ ಹಾದುಹೋದರೆ ಒಬ್ಬನಲ್ಲ ಒಬ್ಬ ಹುಡುಗ ಗಾಡಿ ನಿಲ್ಲಿಸಿಕೊಂಡು, "ಶಾಕಪ್ ಭಾಳ ಮೆತ್ತಗ ಅದಾವ್ರಿ, ಹಾರ್ಡ್ ಮಾಡಿಕೊಡ್ರಿ" ಎನ್ನುತ್ತಿರುತ್ತಾನೆ. ಮಣ್ಣುಹಾದಿಗೆಂದೇ ಮಾಡಿದ ಎತ್ತರದ ಡರ್ಟ್ ಬೈಕು ಕೊಂಡವನಂತೂ, ಅದನ್ನು ಬಿಗಿ ಮಾಡಿಸದ ಹೊರತು ಮನೆಗೇ ತರುವುದಿಲ್ಲ.

ಗಾಡಿ ಅವನದು, ದುಡ್ಡು ಅವನದು (ಅವನಪ್ಪನದು ಎಂದರೂ ನಡೆದೀತು), ಏನಾದರೂ ಮಾಡಿಕೊಳ್ಳಲಿ ಎನ್ನಬಹುದಿತ್ತು. ಆದರೆ ಅವನ ಹಿಂದೆ ಕೂರುವವರು ಯಾರು? ತಾಯಿ, ಹೆಂಡತಿ, ಅಕ್ಕ, ತಂಗಿ. ಬಿಗಿ ಮಾಡಿಸುವ ತೀರ್ಮಾನ ಮುಂದೆ ಕೂತವನದು, ಪೆಟ್ಟು ತಿನ್ನುವ ಬೆನ್ನು ಹಿಂದೆ ಕೂತವಳದು. ನನ್ನ ತಕರಾರು ಇಷ್ಟೇ.

"ಅಕ್ಕಾರ, ನಿಮಗ ಇದೆಲ್ಲಾ ಯಾಕ್ರಿ?" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಕ್ಕ. ನಾನು ಓದಿದ್ದು ಬಿ.ಎ., ಕಲಿಸುವುದು ಇತಿಹಾಸ, ನಿಜ. ಆದರೆ ಗ್ಯಾರೇಜು ಇಟ್ಟಿರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿ ನಗಲಿಲ್ಲ, ಬಿಚ್ಚಿ ತೋರಿಸಿದ. ಶಾಕಪ್ಪಿನಲ್ಲಿ ಇಬ್ಬರು ಕೆಲಸಗಾರರಿದ್ದಾರೆ. ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ಹಾಯುತ್ತ, ಆ ಸ್ಪ್ರಿಂಗು ಮತ್ತೆ ಮತ್ತೆ ಪುಟಿಯದಂತೆ ತಡೆಯುತ್ತದೆ. ಎಣ್ಣೆ ಸೋರಿಹೋದರೆ ಗಾಡಿ ತೊಟ್ಟಿಲಿನಂತೆ ಕುಣಿಯುತ್ತದೆ. ಅದಕ್ಕೆ ಮದ್ದು ಹೊಸ ಸೀಲು, ಹೊಸ ಎಣ್ಣೆ, ಇಲ್ಲವೆ ಹೊಸ ಶಾಕಪ್ಪು. ಬಿಗಿ ಮಾಡುವುದು ಆ ರೋಗಕ್ಕೆ ಮದ್ದೇ ಅಲ್ಲ.

ಹೊರೆ ಹೆಚ್ಚಾದಾಗ ಏನು ಮಾಡಬೇಕೆಂಬುದನ್ನು ಗಾಡಿ ಮಾಡಿದವರೇ ಯೋಚಿಸಿದ್ದಾರೆ. ಸ್ಪ್ಲೆಂಡರಿನಂಥ ಗಾಡಿಯ ಹಿಂದಿನ ಸ್ಪ್ರಿಂಗಿನ ಬುಡದಲ್ಲಿ ಐದು ಮೆಟ್ಟಿಲಿನ ಉಂಗುರವಿದೆ. ಕೊಕ್ಕೆಯಂಥ ಪಾನಾ ಹಾಕಿ ತಿರುವಿದರೆ ಸ್ಪ್ರಿಂಗು ಮೊದಲೇ ಅಷ್ಟು ಅದುಮಿಕೊಂಡು ಕೂರುತ್ತದೆ, ಗಾಡಿ ತುಸು ಎತ್ತರ ನಿಲ್ಲುತ್ತದೆ. ಸ್ಪ್ರಿಂಗಿನ ಕಸುವು ಮಾತ್ರ ಮೊದಲಿನಷ್ಟೇ. ಇಬ್ಬರು ಕೂತಾಗ, ಹಾಲಿನ ಕ್ಯಾನು ಹೇರಿದಾಗ ಒಂದೆರಡು ಮೆಟ್ಟಿಲು ಏರಿಸಲಿ, ಯಾರು ಬೇಡವೆಂದರು? ಹೊರೆ ಇಳಿದ ಮೇಲೆ ಮೆಟ್ಟಿಲನ್ನೂ ಇಳಿಸಿದರಾಯಿತು.

ನಮ್ಮ ಶೂರರಿಗೆ ಇದು ಸಾಲದು. ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರಿನ ತುಂಡು ತುರುಕುತ್ತಾರೆ. ದಪ್ಪ ತಂತಿಯ ಸ್ಪ್ರಿಂಗು ಹಾಕಿಸುತ್ತಾರೆ. ಮುಂದಿನ ಫೋರ್ಕಿಗೆ ಗಟ್ಟಿ ಎಣ್ಣೆ ಸುರಿಸುತ್ತಾರೆ. ಆಗ ಗಾಡಿ ನಿಜಕ್ಕೂ ಬಿಗಿಯಾಗುತ್ತದೆ, ಒಣಗಿದ ಕೊರಡಿನ ಹಾಗೆ.

"ರೇಸಿನ್ಯಾಗ ಹಿಂಗ ಮಾಡ್ತಾರ್ರಿ" ಎಂಬುದು ಅವರ ದೊಡ್ಡ ಆಧಾರ. ರೇಸಿನವರು ಮಾಡುತ್ತಾರೆ, ಒಪ್ಪಿದೆ. ಸಣ್ಣ ಬೈಕು, ಮೇಲೆ ಭಾರದ ಸವಾರ, ದಿಬ್ಬದಿಂದ ಹಾರಿ ನೆಲಕ್ಕೆ ಬಿದ್ದರೆ ಸ್ಪ್ರಿಂಗು ಪೂರ್ತಿ ಕುಗ್ಗಿ ತಳ ಬಡಿಯುತ್ತದೆ, ಆಗ ಬಿಗಿ ಬೇಕು. ಆದರೆ ಅಲ್ಲೂ ಅಳತೆಯಿದೆ. ಸವಾರ ಕೂತಾಗ ಚಕ್ರದ ಏರಿಳಿತದ ಸುಮಾರು ಮೂರರಲ್ಲೊಂದು ಪಾಲು ಕುಗ್ಗಿರಬೇಕು ಎನ್ನುತ್ತಾರೆ ಬಲ್ಲವರು. ತಗ್ಗು ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯಲು ಆ ಜಾಗ ಬೇಕು. ಅತಿ ಬಿಗಿಯಾದರೆ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಪುಟಿಯುವ ಚಕ್ರಕ್ಕೆ ಬ್ರೇಕೂ ಹಿಡಿಯುವುದಿಲ್ಲ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಬೈಕಿಗೆ ಮುಂದೆ 190, ಹಿಂದೆ 170 ಮಿ.ಮೀ. ಏರಿಳಿತ ಕೊಟ್ಟಿದ್ದರು. ಹಿಂದಿನದೇ ಹೆಚ್ಚುಕಡಿಮೆ ಮುಕ್ಕಾಲು ಗೇಣು! ಹಣ ಕೊಟ್ಟು ಅದನ್ನು ಕೊಳ್ಳುವುದು, ಮತ್ತೆ ಹಣ ಕೊಟ್ಟು ಅದನ್ನು ಸಾಯಿಸುವುದು. ಇದ್ಯಾವ ಜಾಣತನ?

ಇನ್ನೊಂದು ಮಾತು. ರೇಸಿನ ಸವಾರ ಒಬ್ಬನೇ ಇರುತ್ತಾನೆ. ದಿನ್ನೆ ಬಂದರೆ ಕಾಲಿಡುವ ಕಡ್ಡಿಯ ಮೇಲೆ ಎದ್ದು ನಿಲ್ಲುತ್ತಾನೆ, ಅವನ ಮಂಡಿಗಳೇ ಎರಡನೆಯ ಸ್ಪ್ರಿಂಗು. ನಮ್ಮ ಹೆಣ್ಣುಮಕ್ಕಳು ಎದ್ದು ನಿಲ್ಲಲು ಸಾಧ್ಯವೇ? ಸೀರೆ ಉಟ್ಟು ಒಂದು ಬದಿಗೆ ಕಾಲು ಬಿಟ್ಟು, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಚೀಲವನ್ನೋ ಕೂಸನ್ನೋ ಹಿಡಿದು, ನಡು ತಿರುಚಿಕೊಂಡು ಕೂತಿರುತ್ತಾರೆ. ಮುಂದಿನವನು ಕೂರುವುದು ಎರಡು ಚಕ್ರಗಳ ನಡುವೆ, ಹಿಂದಿನವಳು ಹಿಂದಿನ ಚಕ್ರದ ನೆತ್ತಿಯ ಮೇಲೆ. ಚಕ್ರ ಉಂಡ ಪೆಟ್ಟು ನೇರ ಅವಳ ಬೆನ್ನಿಗೆ.

ನಮ್ಮದು ಎರಿ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಡಾಂಬರು ಎಷ್ಟು ಹಾಕಿದರೂ ಎರಡು ಮಳೆಗಾಲದಲ್ಲಿ ರಸ್ತೆ ಅಲೆ ಅಲೆಯಾಗುತ್ತದೆ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬೈಕಿನ ಮೇಲೆ ಹೋಗಿಬಂದ ಹೆಂಗಸರನ್ನು ಮರುದಿನ ಕೇಳಿ ನೋಡಿ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಣ್ಣುಮಗಳೊಬ್ಬಳು ರಸ್ತೆಯ ಒಂದೊಂದು ಹಂಪಿಗೂ ಗಾಡಿ ನಿಲ್ಲಿಸಿಸಿ ಇಳಿಯುತ್ತಾಳೆ, ದಾಟಿ ನಡೆದುಹೋಗಿ ಮತ್ತೆ ಹತ್ತುತ್ತಾಳೆ. ಅವಳಿಗೆ ನಡುನೋವು, ಜರ್ಕು ಆಗಬಾರದೆಂದು ಡಾಕ್ಟರು ಹೇಳಿದ್ದಾರೆ. ನೋಡಿದವರು ಅಂಜುಬುರುಕಿ ಎಂದು ನಗುತ್ತಾರೆ. ಗಂಡನನ್ನು ಕೇಳಿದೆ. "ನಾ ಹೊಸಾ ಸ್ಪ್ರಿಂಗ್ ಹಾಕ್ಸೇನ್ರಿ ಅಕ್ಕಾರ, ಇಕಿಗೇ ಕೂಡಾಕ ಬರಂಗಿಲ್ಲ" ಎಂದ. ನೋಡಿ ನ್ಯಾಯ! ಗಾಡಿ ಕೆಟ್ಟರೆ ಗಾಡಿಯನ್ನು ರಿಪೇರಿ ಮಾಡಿಸಬೇಕು, ಹೆಣ್ಣಿನ ಬೆನ್ನು ಕೆಟ್ಟರೆ ಹೆಣ್ಣನ್ನೇ ತಿದ್ದಬೇಕು.

ಕಾನೂನಿಗೆ ನಮ್ಮ ನೆನಪು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಆಸರೆ, ಬಟ್ಟೆ ಸಿಗದಂತೆ ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ಕವಚ ಇರಲೇಬೇಕೆನ್ನುತ್ತದೆ. ಡರ್ಟ್ ಬೈಕಿನ ಅಂದ ಕೆಡುತ್ತದೆಂದು ನಮ್ಮ ಹುಡುಗರು ಮೊದಲು ಕಿತ್ತೆಸೆಯುವುದು ಈ ಕವಚವನ್ನೇ. ಸೀರೆಯ ಚಿಂತೆ ಕಾನೂನು ಮಾಡಿತು, ಬೆನ್ನಿನ ಚಿಂತೆ ಯಾರು ಮಾಡಬೇಕು?

ನಮ್ಮ ಹಿರಿಯರ ಚಕ್ಕಡಿಗೆ ಸ್ಪ್ರಿಂಗೇ ಇರಲಿಲ್ಲ. ಆದರೆ ಬಸುರಿ ಮಗಳನ್ನು ತವರಿಗೆ ಕರೆತರುವಾಗ ಚಕ್ಕಡಿಯ ತುಂಬ ಹುಲ್ಲು ಹಾಸಿ, ಮೇಲೆ ಎರಡು ಕೌದಿ ಮಡಚಿ ಹಾಕಿ, ತಗ್ಗು ಬಂದಲ್ಲಿ ಎತ್ತಿನ ಹಗ್ಗ ಹಿಡಿದೆಳೆದು ಮೆಲ್ಲಗೆ ಹಾಯಿಸುತ್ತಿದ್ದರು. ಯಂತ್ರವಿಲ್ಲದವರಿಗೆ ಇದ್ದ ಅಂತಃಕರಣ, ಯಂತ್ರವಿದ್ದವರಿಗೆ ಯಾಕಿಲ್ಲ?

ಇದು ಕಿತ್ತೂರು ಚೆನ್ನಮ್ಮನ ಸಮಾಧಿಯಿರುವ ಊರು. 1829ರಲ್ಲಿ ಆಕೆ ಸೆರೆಯಲ್ಲೇ ಕಣ್ಣು ಮುಚ್ಚಿದ್ದು ಇಲ್ಲಿನ ಕೋಟೆಯಲ್ಲಿ. ಕುದುರೆಯ ಮೇಲೆ ಕೂತ ಆಕೆಯ ಮೂರ್ತಿಗೆ ಮಾಲೆ ಹಾಕುವ ಕೈಗಳೇ ನಮ್ಮನ್ನು ಹಿಂದಿನ ಸೀಟಿಗೆ ತಳ್ಳಿ, ಬಾಯಿ ಮುಚ್ಚಿಕೊಂಡು ಕೂರು ಎನ್ನುತ್ತವೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದದ್ದು ಇಂಥದೇ ಮಣ್ಣಿನ ಬೈಕಿನ ಮೇಲೆ. ಬೈಕಿನ ಮಾತು ಹೆಂಗಸರದಲ್ಲ ಎನ್ನುವವರಿಗೆ ಈ ಒಂದು ಹೆಸರು ಸಾಕು.

ಗೆಳತಿಯರೇ, ನಾವೆಲ್ಲ ವಿಶ್ವಕಪ್ಪು ಗೆಲ್ಲಬೇಕಿಲ್ಲ. ಗಾಡಿ ಗ್ಯಾರೇಜಿಗೆ ಹೋಗುವ ದಿನ ಜೊತೆಗೆ ಹೋಗೋಣ. "ಎಷ್ಟನೇ ಮೆಟ್ಟಿಲಿಗೆ ಇಟ್ಟೀರಿ? ರಬ್ಬರ್ ತುಂಡು ಯಾಕ ತುರುಕೀರಿ? ತೆಗೀರಿ" ಎಂದು ಕೇಳೋಣ. ಕೆಲಸ ಮುಗಿದ ಮೇಲೆ ಗಾಡಿಯನ್ನು ಅವರೊಬ್ಬರೇ ಓಡಿಸಿ ನೋಡಿ ಚಲೋ ಆಗಿದೆ ಎಂದರೆ ಒಪ್ಪಬೇಡಿ. ನಾವು ಹಿಂದೆ ಕೂತು ಒಂದು ಸುತ್ತು ಹೋಗಿಬಂದು, ನಮ್ಮ ಬೆನ್ನು ಹೂಂ ಎಂದ ಮೇಲೆಯೇ ಮೇಸ್ತ್ರಿಗೆ ದುಡ್ಡು ಕೊಡಬೇಕು.